ಗುಣವತಿಯ ಮನೆತನ ಬದಲಾದದ್ದು

"ಹಲೋ... ಯಾರು ಮಾತಾಡೋದು?... ನರಹರೀನಾ? ಹಾಂ, ನಾನಪಾ, ನಿಮ್ಮ ತುಳಸಾ ಅತ್ತಿ. ಮುಂಜಾನಿಂದ ಫೋನಿನ ಮುಂದ ಕೂತೀನಿ. ಎಲ್ಲಿಂದ ಮಾಡ್ಲಿಕ್ಕತ್ತೀ?... ರಸ್ತಾದಾಗಿನ ಡಬ್ಬಿ ಫೋನೇನು? ರೂಪಾಯಿ ಚಿಲ್ಲರ ಕೈಯಾಗ ಇಟ್ಗೊ ಮತ್ತ."

ಕಾಚಿಗೂಡದ ಆ ಮನೆಯಲ್ಲಿ ತುಳಸಾಬಾಯಿಯವರ ಮುಂದೆ ತಟ್ಟೆ ತುಂಬ ಅಕ್ಕಿ ಹರವಿತ್ತು. ಅಕ್ಕಿಯಲ್ಲಿ ಹೆಸರು ಬರೆಯಲು ಯಜಮಾನರ ಬಂಗಾರದ ಉಂಗುರವೂ ಸಿದ್ಧವಿತ್ತು. ಅಣ್ಣನ ಮಗ ನರಹರಿ ಸೂಕ್ಷ್ಮಜೀವಿಗಳ ವಿಜ್ಞಾನಿ. ಕೆಲ ವರ್ಷಗಳ ಹಿಂದೆ ಅವನು ಅತ್ತೆಯ ನಿಂಬೆ ಉಪ್ಪಿನಕಾಯಿಯ ಭರಣಿಯಲ್ಲಿ ಯಾರೂ ಕಂಡಿರದ ಬ್ಯಾಕ್ಟೀರಿಯಾ ಒಂದನ್ನು ಹಿಡಿದು, ಮದುವೆಗೆ ಮುಂಚೆ ಅತ್ತೆಗೆ ತವರಿನಲ್ಲಿದ್ದ ಹೆಸರನ್ನೇ ಅದಕ್ಕೆ ಇಟ್ಟಿದ್ದ. ಬ್ಯಾಸಿಲಸ್ ಎಂಬುದು ಮನೆತನ, ಗುಣವತಿ ಎಂಬುದು ಸ್ವಂತ ಹೆಸರು. ಅತ್ತೆ ಅದನ್ನು ಬೆಳೆಸಿದ್ದ ಗಾಜಿನ ತಟ್ಟೆಯನ್ನು ತೊಟ್ಟಿಲಿಗೆ ಹಾಕಿ ತೂಗಿ, ಓಣಿಗೆಲ್ಲ ಸಕ್ಕರೆ ಹಂಚಿದ್ದರು. ಈಗ ಜರ್ಮನಿಯ ಪಂಡಿತರು ಗುಣವತಿಯನ್ನು ಬ್ಯಾಸಿಲಸ್‌ನಿಂದ ತೆಗೆದು ಬೇರೆ ಮನೆತನಕ್ಕೆ ಸೇರಿಸಿದ್ದಾರೆಂದು ನಿನ್ನೆ ಸುದ್ದಿ ಬಂದಿತ್ತು. ಹೆಣ್ಣು ಮನೆ ಬದಲಿಸಿದ ಮೇಲೆ ಹೆಸರೂ ಬದಲಾಗಲೇಬೇಕಲ್ಲ, ಅಕ್ಕಿ ಅದಕ್ಕೇ.

"ಯಾಕ ಹೊರಗ ಹಾಕಿದ್ರು?... ಏನು ಹೊಂದಲಿಲ್ಲ?... ಡಿಎನ್‌ಎನಾ? ಹಾಂ, ನಮ್ಮಲ್ಲಿ ಜಾತಕ ಇದ್ದಂಗ. ಅದನ್ನ ಮೊದಲ ನೋಡಬಾರದಿತ್ತೇನು?... ಆವಾಗ ಬರೇ ಮೈಕಟ್ಟು ನೋಡಿದ್ರಿ. ಕೋಲಿನಂಗ ಉದ್ದ ಇದ್ದಾಳ ಅಂತ ಬ್ಯಾಸಿಲಸ್ ಅಂದ್ರಿ. ಉದ್ದ ಇದ್ದವರೆಲ್ಲಾ ಒಂದ ಮನೆತನದವರಾಗ್ತಾರೇನೊ? ನಿಮ್ಮ ಮಾಮಾನೂ ಉದ್ದ ಇದ್ದಾರ."

ಉದ್ದನೆಯ ಮಾಮಾ ಪ್ರಾಣೇಶರಾಯರು ಪೇಪರಿನ ಹಿಂದೆ ಒಮ್ಮೆ ಕೆಮ್ಮಿ, ಪುಟ ತಿರುವಿದರು.

"ಬ್ಯಾಸಿಲಸ್ ಮಂದಿ ಏನಂದ್ರು?... ಏನೂ ಅನ್ನಲಿಲ್ಲಾ? ಒಬ್ಬರೂ?... ಭಾಳ ಕಲ್ಲೆದಿ ಮಂದಿ ಅವರು. ಹೊಸ ಮನಿಯವರರೆ ಎಂಥವರು?... ಎಲ್ಲಾರೂ ಉಪ್ಪಿನ್ಯಾಗ ಬೆಳದವರಾ? ಹಂಗಾದ್ರ ಛಲೋ ಆತು, ಹೊಂದಿಕೋತಾಳ... ಹಾಂ? ಜರ್ಮನ್ಯಾಗೂ ಅಕಿದೊಂದು ಪಾಲು ಇಟ್ಟಾರ? ಬರ್ಫಕ್ಕಿಂತಾ ಥಂಡಿ ಪೆಟ್ಟಿಗ್ಯಾಗ?... ಅಯ್ಯ, ಭರಣ್ಯಾಗ ಬೆಚ್ಚಗಿದ್ದ ಕೂಸಲ್ಲೊ ಅದು."

...

"ಇರಲಿ ಬಿಡು. ಹೊಸ ಹೆಸರು ಏನಿಟ್ಟಾರ, ಅದನ್ನ ಹೇಳು. ಉಂಗುರ ಕೈಯಾಗ ಹಿಡದೀನಿ. ಬರದು ಮುಗಿಸಿಬಿಡ್ತೀನಿ."

ತುಳಸಾಬಾಯಿ ಉಂಗುರವನ್ನು ಅಕ್ಕಿಯ ಮೇಲೆ ಊರಿದರು. ಅವರ ಮದುವೆಯಲ್ಲೂ ಹೀಗೇ ಅಕ್ಕಿ, ಇದೇ ಉಂಗುರ. ಪ್ರಾಣೇಶರಾಯರು ತಮ್ಮ ಮನೆಯ ಹಿರಿಯರು ಹೇಳಿದ್ದನ್ನು ಬರೆದರು. ಎದುರಿಗೆ ಕೂತ ಮದುಮಗಳು ಗುಣವತಿ ಕತ್ತು ಚಾಚಿ, ತುಳಸಾ ಎಂಬ ತನ್ನ ಹೊಸ ಹೆಸರನ್ನು ತಲೆಕೆಳಗಾಗಿ ಓದಿಕೊಂಡಳು. ಆಮೇಲೆ ಆ ಹಳೆಯ ಹೆಸರಿನಿಂದ ಕರೆಯುತ್ತಿದ್ದ ತವರಿನವರು ಒಬ್ಬೊಬ್ಬರಾಗಿ ತೀರಿಕೊಂಡರು. ಉಳಿದದ್ದು ಉಪ್ಪಿನಕಾಯಿಯ ಈ ಹುಳ ಒಂದೇ. ಅದೂ ಹೋದರೆ ಗುಣವತಿ ಎಂಬವಳು ಹುಟ್ಟಿಯೇ ಇರಲಿಲ್ಲ ಎಂದಂತೆ. ತುಳಸಾಬಾಯಿಗೆ ಅದು ಬಹಳ ಸಂಕಟದ ಮಾತಾಗಿತ್ತು.

"ಏನಂದಿ?... ಇನ್ನೊಮ್ಮೆ ಹೇಳು... ಮನೆತನ ಅಷ್ಟ ಬದಲಾಗ್ತದ? ಹೆಸರು ಹಂಗ ಇರ್ತದ?... ಯಾರು ಹೇಳಿದ್ರು?... ನಿಯಮಾನ ಅದ? ಮತ್ತ ನಾಳೆ ಇನ್ನೊಂದು ಮನಿಗೆ ಹಾಕಿದ್ರ?... ಆವಾಗೂ?... ಹಾಂ, ಹಾಂ... ಆ ಮನ್ಯಾಗ ಮೊದಲ ಒಬ್ಬಾಕಿ ಗುಣವತಿ ಇದ್ರ ಮಾತ್ರ ಬ್ಯಾರೆ ಹೆಸರು... ಇಲ್ಲಲ್ಲ? ಛಲೋತ್ನಾಗಿ ನೋಡೀ ಇಲ್ಲೊ?... ಇಲ್ಲ. ಒಬ್ಬಾಕಿನೂ ಇಲ್ಲ."

...

"ಕಣ್ಣಿಗೆ ಕಾಣದ ಹುಳಕ್ಕ ಇಷ್ಟು ಕಾಯದೆ ಮಾಡ್ಯಾರೇನೊ ನರಹರಿ?"

ತುಳಸಾಬಾಯಿ ಕಣ್ಣೊರೆಸಿಕೊಂಡರು. ಉಂಗುರವನ್ನು ಪೇಪರಿನ ಕಡೆಗೆ ಸರಿಸಿ, "ತಗೋರಿ, ಇದು ಬ್ಯಾಡಾತು," ಎಂದರು. ಪೇಪರು ಅಲುಗಾಡಲಿಲ್ಲ. ಪುಟ ತಿರುವಿ ಬಹಳ ಹೊತ್ತಾಗಿತ್ತು.

"ನರಹರಿ, ಒಂದು ಕೆಲಸ ಮಾಡು. ಆ ಮನೆತನದ್ದು ಬಿಡು, ನನಗ ನಾಲಗಿ ಹೊರಳೂದಿಲ್ಲ. ಅಕಿ ಹೆಸರಷ್ಟ ಹಿಡದು ಒಮ್ಮೆ ಕರಿ, ನಾ ಕೇಳ್ತೀನಿ... ನಗಬ್ಯಾಡೊ... ಏನದು ಟೂಂ ಟೂಂ ಅನ್ಲಿಕ್ಕತ್ತದ? ರೂಪಾಯಿ ಹಾಕು... ಮುಗದ್ವಾ? ಹಂಗಾರ ಲಗೂನ ಕರಿ... ಹಾಂ... ಗುಣ... ಹಲೋ?... ಹಲೋ?..."

ಲೈನು ಕಟ್ಟಾಗಿತ್ತು. ತುಳಸಾಬಾಯಿ ರಿಸೀವರನ್ನು ಕಿವಿಗೆ ಹಿಡಿದೇ ಕೂತರು.

"ಗುಣವತಿ," ಎಂದರು ಪೇಪರಿನ ಹಿಂದಿನಿಂದ ಪ್ರಾಣೇಶರಾಯರು.

ಆಕೆ ರಿಸೀವರನ್ನು ಇಳಿಸಿ ಮೆಲ್ಲಗೆ, "ಓ," ಎಂದರು.