ಗುಂಡಿಯೊಂದೇ ಬಾಕಿ

ಬಸ್ಸಿಗೆ ಕಾಯುವ ಸಾಲಿನಲ್ಲಿ ನನ್ನ ಮುಂದೆ ಒಬ್ಬ ದರ್ಜಿ, ಪಕ್ಕದಲ್ಲಿ ಅವನ ಅಕ್ಕ. ಅಳತೆಯ ಟೇಪು ಅವನ ಕೊರಳಲ್ಲಿ ಇನ್ನೂ ನೇತಾಡುತ್ತಿತ್ತು. ಫೋನಿನಲ್ಲಿ ಹೇಳುತ್ತಿದ್ದ:

“ಕೋಟು ಆಯ್ತು ಮೇಷ್ಟ್ರೇ, ಗುಂಡಿ ಹಾಕೋದೊಂದೇ ಬಾಕಿ. ನಾಳೆ ಬನ್ನಿ.”

ಫೋನು ಜೇಬಿಗಿಳಿಯುವುದನ್ನೇ ಅಕ್ಕ ಕಾಯುತ್ತಿದ್ದಳು.

“ಬಟ್ಟೆ ಕತ್ತರಿಸಿದ್ಯೇನೋ?”

“ಇಲ್ಲಕ್ಕಾ. ಮಡಚಿಟ್ಟಿದ್ದು ಮಡಚಿಟ್ಟ ಹಾಗೇ ಇದೆ.”

“ಭಾನುವಾರ ಚರ್ಚಲ್ಲಿ ಎದ್ದು ನಿಂತು, ಸುಳ್ಳು ಹೇಳೋದು ಬಿಟ್ಟೆ ಅಂತ ಸಾಕ್ಷಿ ಹೇಳಿದ್ದು ನೀನೇ ತಾನೆ? ಎಲ್ಲರಿಗಿಂತ ಮೊದಲು ಆಮೆನ್ ಅಂದಿದ್ದು ನಾನು.”

“ಇದು ಸುಳ್ಳಲ್ಲಕ್ಕಾ, ಕಸುಬಿನ ಮಾತು. ಎಲ್ಲಾ ಟೈಲರೂ ಹೀಗೇ ಅನ್ನೋದು.”

“ಹಾಗಾದ್ರೆ ನನ್ನ ಆಮೆನ್ ವಾಪಸ್ ಕೊಡು.”

“ಯೇಸುಸ್ವಾಮೀನೂ ಬಡಗಿ ಕೆಲಸ ಮಾಡಿದವ್ರೇ. ಗಿರಾಕಿಗೆ ಒಂದ್ಸಲನಾದ್ರೂ ‘ನಾಳೆ ಬಾ’ ಅಂದಿರ್ತಾರೆ.”

“ಅವ್ರು ಮೂರನೇ ದಿನ ಎದ್ದು ಬರ್ತೀನಿ ಅಂದ್ರು. ಮೂರನೇ ದಿನಾನೇ ಬಂದ್ರು ಕಣೋ.”

ಬಸ್ಸು ಬಂತು. ಅಕ್ಕನ ಹಿಂದೆ ಮೆಟ್ಟಿಲು ಹತ್ತುತ್ತಾ ದರ್ಜಿ ಫೋನನ್ನು ಮತ್ತೆ ಕಿವಿಗೆ ಹಿಡಿದ.

“ಮೇಷ್ಟ್ರೇ, ಗುಂಡಿಯೊಂದೇ ಬಾಕಿ ಅಂದೆನಲ್ಲಾ... ಗುಂಡಿ ಜೊತೆಗೆ ಕೋಟೂ ಬಾಕಿ.”