ಲೇಸಿಲ್ಲದ ಶೂ

ಮ್ಯಾಂಚೆಸ್ಟರ್ ವಿಮಾನ ನಿಲ್ದಾಣದಲ್ಲಿ ಕನ್ನಡ ಕಿವಿಗೆ ಬಿದ್ದರೆ ನಾನು ಪುಸ್ತಕ ಮುಚ್ಚಿಬಿಡುತ್ತೇನೆ. 2006ರ ಆ ಶುಕ್ರವಾರ ಸೆಕ್ಯೂರಿಟಿ ಸಾಲಿನಲ್ಲಿ ನನ್ನ ಮುಂದೆ ಗಂಡ, ಹೆಂಡತಿ, ಹಾಡು ಕೇಳುತ್ತಿದ್ದ ಮಗಳು ನಿಂತಿದ್ದರು.

“ಆಲ್ಪ್ಸ್‌ಗೆ ಹೋಗಿ ಎಂಟು ವರ್ಷ ಆಯ್ತಲ್ವೇನ್ರೀ?”

“ಹೂಂ. ಆವಾಗ ಅಮ್ಮ ಇದ್ಲು.”

“ಕೇಬಲ್ ಕಾರ್ ಇಳಿದಿದ್ದೇ ತಡ, ಅತ್ತೆ ಶೂ ಬಿಚ್ಚಿಟ್ಟು ಹಿಮದ ಮೇಲೆ ಕೈ ಮುಗ್ದು ನಿಂತುಬಿಟ್ರು.”

“ಸಾಕ್ಸೂ ಬಿಚ್ಚಿದ್ಲು.”

“‘ಕೈಲಾಸದ ಹಾಗಿದೆ, ಇಲ್ಲಿ ಶೂ ಮೆಟ್ಕೊಂಡು ನಿಲ್ಲೋದಾ’ ಅಂದ್ರು.”

“ನಾನು ರೇಗಿದೆ. ಜನ ನೋಡ್ತಿದಾರೆ, ಮೊದ್ಲು ಹಾಕ್ಕೋ ಅಂತ.”

“ಶೀತ ಆಗುತ್ತೆ ಅಂತ ತಾನೇ ರೇಗಿದ್ದು?”

“ಇಲ್ಲ ಶೋಭಾ. ನಂಗೆ ನಾಚಿಕೆ ಆಗಿತ್ತು.”

ಸಾಲು ಸರಿಯಿತು. ಆಕೆ ಗಂಡನ ಕಾಲು ನೋಡಿದರು.

“ಇದೇನ್ರೀ, ಹಿಮಕ್ಕೆ ಹೊರಟೋರು ಲೇಸಿಲ್ಲದ ಶೂ ಹಾಕ್ಕೊಂಡಿದೀರ? ಇಲ್ಲಿ ಚೆಕಿಂಗ್‌ಗೆ ಬಿಚ್ಚೋಕೆ ಸುಲಭ ಅಂತಾನಾ?”

“ಇಲ್ಲಿಗಲ್ಲ.”

“ಮತ್ತೆ?”

“ಅಲ್ಲಿ, ಆ ಬೆಟ್ಟದ ಮೇಲೆ ಬಿಚ್ಚೋಕೆ.”

ಆಕೆ ಬಗ್ಗಿ ತಮ್ಮ ಬೂಟಿನ ಗಂಟು ಸಡಿಲಿಸತೊಡಗಿದರು.

“ನಂದು ಲೇಸಿಂದು. ಅಲ್ಲಿ ನಾನೂ ಬಿಚ್ಚೋವರೆಗೆ ಕಾಯ್ಬೇಕು ನೀವು.”

ಟ್ರೇಗಳನ್ನು ತಳ್ಳಿಕೊಂಡು ಅವರು ಮುಂದೆ ಹೋದರು.