ಬಚ್ಚಲಿಗೊಂದು ಕಂಬಿ

ಕೋಲಾರದಿಂದ ವೇಮಗಲ್‌ಗೆ ಹೊರಟ ಬಸ್ಸಿನಲ್ಲಿ, ನಿಶಾತ್‌ಳ ಮುಂದಿನ ಸೀಟಿನಲ್ಲಿ ಓರಗಿತ್ತಿಯರಿಬ್ಬರ ನಡುವೆ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡ ಅವರ ಅತ್ತೆ ಕೂತಿದ್ದರು.

"ಬಿದ್ದಿದ್ದು ನಿಮ್ಮನೆ ಬಚ್ಚಲಲ್ಲಿ ಅಕ್ಕಾ. ಹಿಡ್ಕೊಳ್ಳೋಕೆ ಗೋಡೆಗೊಂದು ಕಂಬಿ ಹಾಕಿಸ್ಬಾರ್ದಾಗಿತ್ತಾ?"

"ನೀನೇ ಹಾಕಿಸು ಗಂಗಾ. ಈ ತಿಂಗ್ಳು ನಿನ್ನ ಸರದಿ ತಾನೇ?"

"ಹಾಕಿಸಿದ್ರೆ ಮುಗೀತು! ಇಲ್ಲೇ ಅನುಕೂಲ ಅಂತ ನಮ್ಮನೇಲೇ ಉಳ್ಕೊಂಬಿಡ್ತಾರೆ."

"ನಾನೇನು ಪೆದ್ದೀನಾ? ನಾನೂ ಅದಕ್ಕೇ ಹಾಕಿಸ್ಲಿಲ್ಲ ಕಣೇ."

ಇಬ್ಬರೂ ನಕ್ಕರು. ಹಿಂದೆ ಕೂತು ಎಲ್ಲ ಕೇಳಿಸಿಕೊಂಡ ನಿಶಾತ್ ಮುಖವನ್ನು ಕಿಟಕಿಯತ್ತ ತಿರುಗಿಸಿದಳು.

"ಒಂದು ಸ್ಟೂಲಾದ್ರೂ ಇಡ್ರಮ್ಮಾ. ಕೂತ್ಕೊಂಡೇ ನೀರು ಹುಯ್ಕೋತೀನಿ," ಎಂದರು ಅತ್ತೆ.

"ವಾರಕ್ಕೊಂದ್ಸಲ ಸ್ನಾನ ಸಾಕು ಬಿಡಿ. ನೀವೇನು ಆಫೀಸಿಗೆ ಹೋಗ್ಬೇಕಾ?" ಎಂದಳು ಗಂಗಾ.

ವೇಮಗಲ್ ಬಂತು. ಸೊಸೆಯರು ಇಳಿದರು. ಅತ್ತೆ ಮಾತ್ರ ಬಾಗಿಲ ಕಂಬಿಯನ್ನು ಬಿಗಿಯಾಗಿ ಹಿಡಿದು ಮೆಟ್ಟಿಲ ಮೇಲೇ ನಿಂತುಬಿಟ್ಟರು.

ಕೆಳಗಿನಿಂದ ಗಂಗಾ ಕೂಗಿದಳು: "ಬಿಡಿ ಅತ್ತೆ, ಅದನ್ನ ಮನೆಗೆ ತಗೊಂಡ್ಹೋಗೋಕಾಗಲ್ಲ."